ಘಾಟಿ ರಸ್ತೆಯಲ್ಲಿ ಗುದ್ದಿಸಿಕೊಂಡ ಕಾರಿನ ಬಿ-ಪಿಲ್ಲರನ್ನು ಕಾಯಿಸಿ ನೇರ ಮಾಡಿಸಬಹುದೇ?

ಪ್ರಶ್ನೆ: ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವಾಗ ತಿರುವಿನಲ್ಲಿ ಪಿಕಪ್ ವಾಹನವೊಂದು ನನ್ನ ಕಾರಿನ ಮಗ್ಗುಲಿಗೆ ಗುದ್ದಿತು. ಯಾರಿಗೂ ಪೆಟ್ಟಾಗಿಲ್ಲ. ಎರಡು ಬಾಗಿಲುಗಳ ನಡುವಿನ ಕಂಬ (ಬಿ-ಪಿಲ್ಲರ್) ಎರಡು ಬೆರಳಿನಷ್ಟು ಒಳಗೆ ಹೋಗಿದೆ. ಕಾರಿಗೆ ಮೂರೂವರೆ ವರ್ಷ. ಗ್ಯಾರೇಜಿನವರು ಗ್ಯಾಸಿನಲ್ಲಿ ಕಾಯಿಸಿ ಎಳೆದು ಕೊಡುತ್ತೇವೆ, ಆಮೇಲೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ಕಾರು ಈಗಾಗಲೇ ಗ್ಯಾರೇಜಿನಲ್ಲಿದ್ದರೆ, ಗ್ಯಾಸ್ ಹಚ್ಚಬೇಡಿ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಾಡಿ ಕೆಲಸ ಮಾಡುತ್ತಿದ್ದೇನೆ. ಶಿರಾಡಿ ಮತ್ತು ಚಾರ್ಮಾಡಿ ಕಡೆಯಲ್ಲಿ ಗುದ್ದಿಸಿಕೊಂಡ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ನಿಮ್ಮ ಮೇಸ್ತ್ರಿಯ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಕೆಲಸ ಕಲಿತದ್ದು ಕಾಫಿ ತೋಟಗಳ ಹಳೆಯ ಜೀಪುಗಳ ಮೇಲೆ. ಅವುಗಳ ತಗಡು ಮೆದು ಉಕ್ಕು. ಕಾಯಿಸಿದರೂ, ಬಡಿದರೂ, ಎಳೆದರೂ ಅದರ ಗುಣ ಹೆಚ್ಚು ಕೆಡುವುದಿಲ್ಲ. ಆ ತಗಡಿಗೆ ಮೇಸ್ತ್ರಿ ಹೇಳುವ ಪದ್ಧತಿ ಸರಿಯಾಗಿಯೇ ಇತ್ತು. ಈಗ ಬದಲಾಗಿರುವುದು ಕಾರಿನೊಳಗಿನ ಲೋಹ.

ಮಲೆನಾಡಿನವರಿಗೆ ಇದನ್ನು ಕತ್ತಿಯ ಉದಾಹರಣೆಯಿಂದ ಹೇಳುವುದು ಸುಲಭ. ಬೇಲೂರು ಕಡೆಯ ನಮ್ಮ ದೊಡ್ಡಪ್ಪನವರಿಗೆ ಕುಲುಮೆ ಇತ್ತು. ಮರಗಸಿಯ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಹಾಕುತ್ತಿದ್ದರು. ಅಂಥ ಕತ್ತಿ ಯಾವಾಗಲಾದರೂ ಒಲೆಯ ಬೆಂಕಿಗೆ ಬಿದ್ದು ನಿಧಾನವಾಗಿ ತಣಿದರೆ ಹದ ಹೋಗಿಬಿಡುತ್ತದೆ. ನೋಡಲು ಅದೇ ಕತ್ತಿ, ಆದರೆ ಕೊಂಬೆಗೆ ಬೀಸಿದರೆ ಅಂಚು ಮಡಚಿಕೊಳ್ಳುತ್ತದೆ. ಇಂದಿನ ಅನೇಕ ಕಾರುಗಳ ನಡುಗಂಬವೂ ಹೀಗೆ ಹದ ಹಾಕಿದ ಉಕ್ಕೇ.

ಅದರ ಹೆಸರು ಬೋರಾನ್ ಉಕ್ಕು. ಇಂಗಾಲ ಶೇ. 0.2ರ ಆಸುಪಾಸು, ಸ್ವಲ್ಪ ಮ್ಯಾಂಗನೀಸ್, ಮತ್ತೆ ಬೋರಾನ್ ಶೇ. 0.005ಕ್ಕಿಂತಲೂ ಕಡಿಮೆ. ಅಷ್ಟು ಅಲ್ಪ ಬೋರಾನ್ ಇರುವುದರಿಂದಲೇ ತಣಿಯುವಾಗ ಉಕ್ಕು ಪೂರ್ತಿ ಗಟ್ಟಿಯಾಗಲು ಬೇಕಾದ ಸಮಯ ಸಿಗುತ್ತದೆ. ತಗಡನ್ನು ಕುಲುಮೆಯಲ್ಲಿ ಸುಮಾರು 900ರಿಂದ 950 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಕೆಂಪಗಿರುವಾಗಲೇ ಪ್ರೆಸ್ಸಿಗೆ ಕೊಟ್ಟು ಆಕಾರಕ್ಕೆ ಒತ್ತುತ್ತಾರೆ. ಆ ಅಚ್ಚಿನೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಅಚ್ಚು ಬಿಗಿಹಿಡಿದಿರುವಾಗಲೇ ತಗಡು ಸೆಕೆಂಡಿಗೆ 30 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ತಣಿದು, ಮಾರ್ಟೆನ್ಸೈಟ್ ಎಂಬ ಅತಿ ಗಟ್ಟಿ ಒಳರಚನೆ ಪಡೆಯುತ್ತದೆ. ದೊಡ್ಡಪ್ಪ ನೀರಿನ ತೊಟ್ಟಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಚ್ಚೇ ಮಾಡುತ್ತದೆ. 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ವಿಧಾನ ಕಾರಿಗೆ ಬಂದದ್ದು 1984ರಲ್ಲಿ, ಸಾಬ್ 9000 ಕಾರಿನ ಬಾಗಿಲೊಳಗಿನ ಅಡ್ಡಪಟ್ಟಿಯಾಗಿ.

ಫಲಿತಾಂಶ ಎಷ್ಟು ದೊಡ್ಡದು ನೋಡಿ. ಒಂದು ಚದರ ಮಿಲಿಮೀಟರ್, ಅಂದರೆ ರಾಗಿ ಕಾಳಿಗಿಂತ ಚಿಕ್ಕ ಜಾಗ. ಅಷ್ಟು ಅಡ್ಡಳತೆಯ ಬೋರಾನ್ ಉಕ್ಕು ತುಂಡಾಗಬೇಕಾದರೆ ಸುಮಾರು 150 ಕಿಲೋ ಭಾರ ಬೇಕು. 50 ಕಿಲೋದ ಮೂರು ಕಾಫಿ ಮೂಟೆ. ಹಳೆಯ ಜೀಪಿನ ಮೆದು ತಗಡು ಒಂದು ಮೂಟೆಯನ್ನೂ ತಡೆಯುವುದಿಲ್ಲ, ಅದರ ಮಿತಿ 30 ಕಿಲೋ ಆಸುಪಾಸು. ಬೋರಾನ್ ಉಕ್ಕನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ತಣಿಯಲು ಬಿಟ್ಟರೆ ಮೂರು ಮೂಟೆಯ ಶಕ್ತಿ ಮತ್ತೆ ಒಂದು ಮೂಟೆಯ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ಬಣ್ಣ ಬಳಿದ ಮೇಲೆ ಇದು ಯಾರ ಕಣ್ಣಿಗೂ ಕಾಣುವುದಿಲ್ಲ. ‘ಗೊತ್ತೇ ಆಗುವುದಿಲ್ಲ’ ಎಂಬ ಮಾತು ನನಗೆ ಭಯ ಹುಟ್ಟಿಸುವುದು ಇದಕ್ಕೇ.

ಹತ್ತು ವರ್ಷಗಳ ಹಿಂದೆ ನಾನೂ ಒಂದು ಕಂಬವನ್ನು ಕಾಯಿಸಿ ಎಳೆದಿದ್ದೆ. ಬಾಗಿಲು ಚೆನ್ನಾಗಿ ಕೂತಿತು, ಮಾಲೀಕರು ಸಂತೋಷದಿಂದ ಕಾರು ತೆಗೆದುಕೊಂಡು ಹೋದರು. ಕೆಲವು ತಿಂಗಳ ನಂತರ ಅದೇ ಮಾದರಿಯ, ಪೂರ್ತಿ ಜಖಂ ಆದ ಕಾರೊಂದು ಬಂತು. ಅದರ ಕಂಬದ ಸ್ಪಾಟ್ ವೆಲ್ಡ್ (ತಗಡುಗಳನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸಿದ ಬೆಸುಗೆ) ಬಿಡಿಸಲು ಡ್ರಿಲ್ ಹಿಡಿದರೆ ಬಿಟ್ ಜಾರುತ್ತಿದೆ. ಒತ್ತಿ ಹಿಡಿದೆ, ಕಿರ್ರೆಂದು ಕೂಗಿತು. ತುದಿ ನೀಲಿಗಟ್ಟಿ ಮೊಂಡಾಗಿತ್ತು. ಮೂರು ಬಿಟ್ ಹಾಳಾದ ಮೇಲೆ ನಿಂತು ಯೋಚಿಸಿದೆ. ಕಂಬದಿಂದ ಬೆರಳಗಲದ ಎರಡು ಪಟ್ಟಿ ಕತ್ತರಿಸಿಕೊಂಡೆ. ಒಂದನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟೆ, ಇನ್ನೊಂದನ್ನು ಹಾಗೆಯೇ ಬಿಟ್ಟೆ. ತಣಿದ ಮೇಲೆ ಎರಡನ್ನೂ ವೈಸಿಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದೆ. ಕಾಯಿಸದ ಪಟ್ಟಿ ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸಿತು. ಕಾಯಿಸಿದ ಪಟ್ಟಿ ಎರಡೇ ಏಟಿಗೆ ಮಡಚಿ ಮಲಗಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ಕಾರಿನ ಮಾಲೀಕರನ್ನು ಕರೆದು ನಡೆದದ್ದನ್ನು ಹೇಳಿ, ನನ್ನ ಖರ್ಚಿನಲ್ಲಿ ಹೊಸ ಕಂಬ ಹಾಕಿಕೊಟ್ಟೆ.

ಹಾಗಾದರೆ ಕಾಯಿಸದೆ, ತಣ್ಣಗೇ ಎಳೆದರೆ? ಬೋರಾನ್ ಉಕ್ಕು ತುಂಡಾಗುವ ಮೊದಲು ಶೇ. 5-6ರಷ್ಟು ಮಾತ್ರ ಹಿಗ್ಗುತ್ತದೆ. ಗುದ್ದಿದಾಗಲೇ ಅದರಲ್ಲಿ ಒಂದಿಷ್ಟು ಖರ್ಚಾಗಿರುತ್ತದೆ. ಜ್ಯಾಕ್ ಕೊಟ್ಟು ಹಿಂದಕ್ಕೆ ತಳ್ಳಿದರೆ ಮಡಿಕೆಯಲ್ಲಿ ಸಣ್ಣ ಬಿರುಕು ಬೀಳಬಹುದು. ಆ ಬಿರುಕು ಹೊರಗೆ ಕಾಣುವುದೂ ಇಲ್ಲ, ಏಕೆಂದರೆ ಕಂಬ ಒಂದೇ ಪದರದ್ದಲ್ಲ. ನಿಮಗೆ ಕಾಣುವ ಹೊರತಗಡು ಮೆದು. ಗಟ್ಟಿ ಪದರ ಅದರ ಒಳಗಿದೆ, ಅದರ ಹಿಂದೆ ಇನ್ನೊಂದು ತಗಡು. ಹೊರತಗಡು ನೇರವಾಯಿತು ಎಂದ ಮಾತ್ರಕ್ಕೆ ಒಳಗಿನದು ಸರಿಯಾಯಿತು ಎಂದಲ್ಲ.

ಎಲ್ಲ ಕಾರಿನಲ್ಲೂ ನಡುಗಂಬ ಬೋರಾನ್ ಉಕ್ಕೇ ಆಗಿರುವುದಿಲ್ಲ. ಕೆಲವದರಲ್ಲಿ ಡ್ಯುಯಲ್ ಫೇಸ್ ಉಕ್ಕು ಇರುತ್ತದೆ. ಅವರೆಕಾಳು ಹಾಕಿದ ಅಕ್ಕಿ ರೊಟ್ಟಿಯಂತೆ, ಮೆದು ಉಕ್ಕಿನ ನಡುವೆ ಮಾರ್ಟೆನ್ಸೈಟಿನ ಗಟ್ಟಿ ಕಾಳುಗಳು. ಬಾಗುತ್ತ ಬಾಗುತ್ತ ಇನ್ನಷ್ಟು ಗಟ್ಟಿಯಾಗುವುದು ಇದರ ಸ್ವಭಾವ. ಆದ್ದರಿಂದ ಬಾನೆಟ್ಟಿನ ಕೆಳಗಿನ ಉದ್ದ ತೊಲೆಗಳಿಗೆ ಇದನ್ನು ಹೆಚ್ಚು ಬಳಸುತ್ತಾರೆ. ಅಲ್ಲಿ ಲೋಹ ಮಡಚಿಕೊಳ್ಳುತ್ತ ಗುದ್ದಿನ ರಭಸವನ್ನು ನುಂಗಬೇಕು. ಮುಂದುಗಡೆ ಹಾಗೆ ಮಡಚಿಕೊಳ್ಳಲು ಜಾಗವಿದೆ. ಮಗ್ಗುಲಲ್ಲಿ ನಿಮ್ಮ ಭುಜಕ್ಕೂ ಕಂಬಕ್ಕೂ ನಡುವೆ ಇರುವುದು ಒಂದು ಗೇಣು, ಆದ್ದರಿಂದ ಅಲ್ಲಿ ಕಂಬ ಜಗ್ಗಲೇಬಾರದು. ಡ್ಯುಯಲ್ ಫೇಸ್ ಉಕ್ಕಿಗೂ ಗ್ಯಾಸ್ ಶತ್ರುವೇ.

ಇನ್ನೊಂದು ವಿಷಯ. ಸೀಟ್ ಬೆಲ್ಟ್ ಸುತ್ತಿಕೊಳ್ಳುವ ಸಾಧನ ಇದೇ ಕಂಬದ ಬುಡಕ್ಕೆ ಬಿಗಿದಿರುತ್ತದೆ. ಮುಂದಿನಿಂದ ಗುದ್ದಿದರೂ ನಿಮ್ಮ ಮೈಭಾರ ಬೀಳುವುದು ಈ ಕಂಬದ ಮೇಲೆ. ನಮ್ಮಲ್ಲಿ ಮಗ್ಗುಲ ಗುದ್ದಿನ ಪರೀಕ್ಷೆ ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಿಂದ ಕಡ್ಡಾಯವಾಗಿದೆ. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮಗ್ಗುಲಿಗೆ ಗುದ್ದಿಸಿ ನೋಡುತ್ತಾರೆ. ಕಾರಿಗೆ ಸಿಕ್ಕಿರುವ ನಕ್ಷತ್ರಗಳು ಕಾರ್ಖಾನೆಯಿಂದ ಬಂದ ಕಂಬಕ್ಕೆ ಸಿಕ್ಕಿದ್ದು, ಗ್ಯಾಸ್ ತೋರಿಸಿದ ಕಂಬಕ್ಕಲ್ಲ.

ಈಗ ನೀವು ಮಾಡಬೇಕಾದದ್ದು. ಕಾರು ತಯಾರಕರ ಬಾಡಿ ರಿಪೇರಿ ಕೈಪಿಡಿ ಇರುವ ವರ್ಕ್‌ಶಾಪಿಗೆ ಕಾರು ಸಾಗಿಸಿ. ಯಾವ ಭಾಗ ಯಾವ ಉಕ್ಕು, ಎಲ್ಲಿ ಕತ್ತರಿಸಬಹುದು, ಎಲ್ಲಿ ಮುಟ್ಟಬಾರದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕೆಲಸ ಒಪ್ಪಿಸುವ ಮೊದಲು ಆ ಪುಟ ತೋರಿಸಿ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಸಾಮಾನ್ಯವಾಗಿ ಹಳೆಯ ಕಂಬ ಇರುವಾಗಲೇ ಬಾಡಿಯನ್ನು ತಣ್ಣಗೆ ಎಳೆದು ಅಳತೆಗೆ ತಂದು, ಕಂಬವನ್ನು ಕಾರ್ಖಾನೆಯ ಬೆಸುಗೆ ಇದ್ದಲ್ಲೇ ಬಿಡಿಸಿ, ಹೊಸದನ್ನು ಸ್ಪಾಟ್ ವೆಲ್ಡಿನಿಂದ ಕೂರಿಸುತ್ತಾರೆ. ಬಾಗಿಲುಗಳನ್ನೂ ಬಿಚ್ಚಿಸಿ ನೋಡಿಸಿ. ಒಳಗಿನ ಅಡ್ಡಪಟ್ಟಿ ಬಾಗಿದ್ದರೆ ಅದನ್ನೂ ಬಡಿದು ಸರಿಮಾಡಬಾರದು, ಬದಲಿಸಬೇಕು.

ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ಬಂಪರ್‌ನಿಂದ ಬಂಪರ್‌ವರೆಗಿನ ಇನ್ಶೂರೆನ್ಸ್ ಇದ್ದರೆ ಭಾಗಗಳ ಸವಕಳಿಯ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ. ಸಾಮಾನ್ಯ ಪಾಲಿಸಿಯಾದರೂ ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ. 25 ಸವಕಳಿ ಕಳೆದು ಉಳಿದದ್ದನ್ನು ಕೊಡುತ್ತಾರೆ. ಇನ್ಶೂರೆನ್ಸ್ ಪರವಾಗಿ ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಕತ್ತರಿಸಲು ಬಿಡಬೇಡಿ. ‘ಕಂಬ ಬದಲಿಸಬೇಕು’ ಎಂದು ಅವರಿಂದ ಬರಹದಲ್ಲೇ ಪಡೆಯಿರಿ.

ಅಷ್ಟರಲ್ಲಿ ಒಂದು ಕೆಲಸ ಮಾಡಿ. ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಕಂಬದ ಬುಡದಲ್ಲಿ ಸ್ವಲ್ಪ ಎಳೆದು ನೋಡಿ. ಸಾಲಾಗಿ ಸಣ್ಣ ದುಂಡನೆಯ ಗುಳಿಗಳು ಕಾಣಬೇಕು, ಅವು ಕಾರ್ಖಾನೆಯ ಸ್ಪಾಟ್ ವೆಲ್ಡುಗಳು. ಗುಳಿಗಳ ಬದಲು ಪುಟ್ಟಿಯೋ ಗ್ಯಾಸ್ ಬೆಸುಗೆಯ ಗಂಟೋ ಕಂಡರೆ ಆ ಕಂಬಕ್ಕೆ ಮೊದಲೇ ಯಾರೋ ಕೈ ಹಾಕಿದ್ದಾರೆ. ಕಾರನ್ನು ನೀವು ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೂ ಇದನ್ನು ನೋಡಲೇಬೇಕು. ಫೋಟೋ ತೆಗೆದು ಇಲ್ಲಿ ಹಾಕಿ. ಕಂಬದ ಬುಡದ ಜೊತೆಗೆ, ಕಾಲಿಟ್ಟು ಹತ್ತುವ ಕೆಳಪಟ್ಟಿಯೂ ಕಾಣುವಂತೆ ತೆಗೆಯಿರಿ. ಅದೂ ಮಡಚಿದ್ದರೆ ಕೆಲಸದ ಅಂದಾಜು ಬೇರೆಯಾಗುತ್ತದೆ.