ಕಾರ್ಡಿನಲ್ಲಿ ಅಷ್ಟೊಂದು ಹೆಸರು ಯಾಕೆ ಅಂದ್ರೆ...

ಮಾರಾಯಾ, ನಮ್ಮ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಕರಡು ಕಳಿಸಿದರೆ ನೀನು ಕೇಳಿದ್ದು ಇಷ್ಟೇ: "ಇದೇನು ಕಾರ್ಯಕ್ರಮವೋ, ಮತದಾರರ ಪಟ್ಟಿಯೋ?" ಅದರ ಬೆನ್ನಿಗೇ ಇನ್ನೊಂದು: "ಕಾರವಾರ ಅಂದ್ರೆ ಅರ್ಧ ಗೋವಾ ಅಲ್ವಾ, ಅಲ್ಲಿ ಇಷ್ಟೊಂದು ಕನ್ನಡದ ಹಿರಿಯರು ಎಲ್ಲಿಂದ ಬಂದರು?" ಎರಡನೆಯದಕ್ಕೆ ಮೊದಲು ಉತ್ತರ ಕೊಡ್ತೇನೆ. ಹೆಚ್ಚು ಉರಿದದ್ದು ಅದಕ್ಕೇ.

1862ರವರೆಗೆ ನಾವು, ಅಂದ್ರೆ ಈ ಉತ್ತರ ಕನ್ನಡ ಜಿಲ್ಲೆಯವರು, ಮದರಾಸು ಪ್ರಾಂತದವರು. ಆಮೇಲೆ ಮುಂಬಯಿಯವರು. 1956ಕ್ಕೆ ಮೈಸೂರು ರಾಜ್ಯದವರಾದೆವು. ಅಷ್ಟಕ್ಕೇ ಮುಗಿಯಲಿಲ್ಲ, ಕಾರವಾರ, ಹಳಿಯಾಳ, ಸೂಪಾ ನಮಗೆ ಕೊಡಿ ಅಂತ ಮಹಾರಾಷ್ಟ್ರ ಕೇಳಿತು. 1967ರಲ್ಲಿ ಗಡಿ ತಕರಾರಿನ ಮೇಲೆ ಮಹಾಜನ ಆಯೋಗದ ವರದಿ ಬಂತು. ಮಹಾರಾಷ್ಟ್ರದ ನಾಯಕರು ಈಗಲೂ ಗಡಿ ಭಾಷಣ ಮಾಡುವಾಗ ಬೆಳಗಾವಿ, ನಿಪ್ಪಾಣಿ ಅಂತ ಶುರುಮಾಡಿ ಕೊನೆಗೆ ಕಾರವಾರ ಅಂತ ಸೇರಿಸುತ್ತಾರೆ, ಊಟದ ಕೊನೆಗೆ ಮಜ್ಜಿಗೆ ಬಡಿಸಿದ ಹಾಗೆ. ನಮ್ಮನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮುಂಬಯಿಯ ಚಿಕ್ಕಪ್ಪ ಬಂದರೆ ಮರಾಠಿ. ಇದರಲ್ಲಿ ನಮಗೆ ಯಾವ ಗೊಂದಲವೂ ಇಲ್ಲ, ಗೊಂದಲ ಇರುವುದು ನೋಡುವವರಿಗೆ. ಗೋಕರ್ಣದ ಸಾಹಿತಿ ಗೌರೀಶ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ಬದುಕೆಲ್ಲ ಹೆಚ್ಚಾಗಿ ಬರೆದದ್ದು ಕನ್ನಡದಲ್ಲಿ. ಅವರ ಕನ್ನಡವನ್ನು ಅಳೆಯಲು ನೀನು ಬೆಂಗಳೂರಿನಿಂದ ಬರಬೇಕಾ?

ಸರಿ, ಈಗ ಹೆಸರುಗಳ ವಿಷಯ.

ನಮ್ಮಲ್ಲಿ ಹಿರಿಯರಿಲ್ಲದೆ ಏನೂ ನಡೆಯುವುದಿಲ್ಲ. ಹಾಲಕ್ಕಿ ಸಮುದಾಯದ ಕೊಪ್ಪದಲ್ಲಿ, ಅಂದ್ರೆ ಕೇರಿಯಲ್ಲಿ, ಊರಗೌಡ, ಬುದವಂತ, ಕೋಲಕಾರ ಅಂತ ಮುಖ್ಯಸ್ಥರು ಇರುತ್ತಾರೆ, ಮದುವೆಯಾಗಲಿ, ಜಗಳವಾಗಲಿ ಅವರಿಗೆ ಹೇಳದೆ ಆಗುವುದಿಲ್ಲ. ಯಕ್ಷಗಾನಕ್ಕೆ ಬಂದರೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ನಾಲ್ಕನೇ ತಲೆಮಾರಿಗೆ ಬಂದಿದೆ. ರಾಜಕೀಯವೂ ಹಾಗೇ. ಹಳಿಯಾಳದಲ್ಲಿ ಆರ್.ವಿ. ದೇಶಪಾಂಡೆಯವರು 1983ರಿಂದ ಶಾಸಕರಾಗಿ ಇದ್ದಾರೆ, ನಡುವೆ 2008ರಲ್ಲಿ ಒಂದು ಸಲ ಸೋತಿದ್ದು ಬಿಟ್ಟರೆ. ಅನಂತಕುಮಾರ ಹೆಗಡೆಯವರು ಆರು ಸಲ ಸಂಸದರಾಗಿದ್ದವರು. ವಿಶ್ವೇಶ್ವರ ಹೆಗಡೆ ಕಾಗೇರಿಯವರು ಸ್ಪೀಕರ್ ಆಗಿದ್ದು 2023ರಲ್ಲಿ ಶಿರಸಿಯಲ್ಲಿ ಸೋತರು, ಮರುವರ್ಷವೇ ಸಂಸದರಾಗಿ ದಿಲ್ಲಿಗೆ ಹೋದರು. ಪಕ್ಷ ಯಾವುದೇ ಇರಲಿ, ನಮ್ಮ ಕಡೆ ಹಿರಿಯರು ಮನೆಗೆ ಹೋಗುವುದು ಕಡಿಮೆ.

ಇವರೆಲ್ಲ ದೊಡ್ಡ ಮಟ್ಟದವರು, ನನ್ನ ತಲೆನೋವು ಇವರಲ್ಲ. ನನ್ನ ತಲೆನೋವು ಆ ಕಾರ್ಡು. ನಮ್ಮದು ಸಣ್ಣ ಸಂಘ. ಮೈಕು, ಶಾಮಿಯಾನ, ಚಹಾ ಎಲ್ಲ ಒಂದು ದಿನದಲ್ಲಿ ಹೊಂದುತ್ತದೆ. ಹೆಸರು ಹೊಂದುವುದಿಲ್ಲ.

ಇಲಾಖೆಯ ಅನುದಾನ ತಗೊಂಡರೆ ಶಿಷ್ಟಾಚಾರ ಪಾಲಿಸಬೇಕು, ಹಾಗಾಗಿ ಮೇಲಿನ ಅರ್ಧ ಪುಟ ಸರ್ಕಾರದ್ದು. ಅದು ಸುಲಭ, ಯಾರೂ ಪ್ರಶ್ನೆ ಮಾಡುವುದಿಲ್ಲ, ಹೆಸರಿದ್ದವರಲ್ಲಿ ಹೆಚ್ಚಿನವರು ಬರುವುದೂ ಇಲ್ಲ. ಕೆಳಗಿನ ಅರ್ಧವೇ ಕುರುಕ್ಷೇತ್ರ. ಒಬ್ಬರು ನಿವೃತ್ತ ಪ್ರಾಂಶುಪಾಲರು, ಅರ್ಧ ಊರು ಅವರ ಶಿಷ್ಯರು. ಒಬ್ಬರು ಸಹಕಾರಿ ಸಂಘದವರು, ಊಟದ ಖರ್ಚು ಅವರದು. ಒಬ್ಬರು ಹಿರಿಯ ಸಾಹಿತಿ, ಇಪ್ಪತ್ತು ವರ್ಷದಿಂದ ಹೊಸ ಪುಸ್ತಕ ಬಂದಿಲ್ಲ, ಆದರೆ ಅವರು ಬರದಿದ್ದರೆ "ಯಾಕೆ ಬರಲಿಲ್ಲ" ಅನ್ನುವುದೇ ಮರುದಿನದ ಸುದ್ದಿ. ಘಟ್ಟದ ಮೇಲಿನವರು ಒಬ್ಬರಾದರೆ ಕೆಳಗಿನವರು ಒಬ್ಬರು ಬೇಕು. ಕೊಂಕಣಿಯವರು ಒಬ್ಬರು ಬೇಕೇ ಬೇಕು, ಇಲ್ಲದಿದ್ದರೆ ಕನ್ನಡದ ಹೆಸರಿನಲ್ಲಿ ನಮ್ಮನ್ನು ಬಿಟ್ಟರು ಅನ್ನುತ್ತಾರೆ. ಆ ಹೆಸರು ಮೇಲೆ ಹೋದರೆ ಇನ್ನೊಂದು ಗುಂಪಿಗೆ ಸಿಟ್ಟು. ನೀವು ಟೌನ್‌ಹಾಲಿನಲ್ಲಿ ಧೈರ್ಯವಾಗಿ ಮೂರು ಹೆಸರು ಹಾಕಿ ಕಾರ್ಯಕ್ರಮ ಮಾಡ್ತೀರಿ. ನಿಮಗೆ ಬಿಟ್ಟುಹೋದವರು ಮರುದಿನ ಮೀನು ಪೇಟೆಯಲ್ಲಿ ಎದುರು ಸಿಗುವುದಿಲ್ಲ.

ಪ್ರೂಫ್ ತಗೊಂಡು ಹೋದಾಗ ಹಿರಿಯರು ಕನ್ನಡಕ ಹಾಕಿ, ಕಾರ್ಡನ್ನು ದೂರ ಹಿಡಿದು, ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಆಮೇಲೆ ತಮ್ಮ ಮೇಲೆ ಯಾರಿದ್ದಾರೆ ನೋಡುತ್ತಾರೆ. "ನನ್ನ ಹೆಸರು ಎಲ್ಲಿದ್ರೂ ತೊಂದ್ರೆ ಇಲ್ಲ ತಮ್ಮಾ" ಅಂದರೆ ತೊಂದರೆ ಇದೆ ಅಂತಲೇ ಲೆಕ್ಕ. "ಅವರದ್ದು ಅಕ್ಷರ ಸ್ವಲ್ಪ ದಪ್ಪ ಬಂದ ಹಾಗಿದೆ ಅಲ್ವಾ?" ಅಂದರೆ ಮತ್ತೆ ಪ್ರೆಸ್ಸಿಗೆ.

ಒಂದು ವರ್ಷ ಬೇಸತ್ತು, ಅಕಾರಾದಿಯಲ್ಲಿ ಹಾಕೋಣ ಅಂದೆ. ಹೆಸರು ಹಿಡಿಯಬೇಕೋ, ಅಡ್ಡಹೆಸರು ಹಿಡಿಯಬೇಕೋ? ಅಡ್ಡಹೆಸರು ಹಿಡಿದರೆ ಹೆಗಡೆಯವರೆಲ್ಲ ಕೊನೆಗೆ. ನಾಯಕರೂ ನಾಯ್ಕರೂ ಪಕ್ಕಪಕ್ಕ. ಪ್ರೆಸ್ಸಿನ ಹುಡುಗ ಒಂದು ಒತ್ತಕ್ಷರ ಆಚೀಚೆ ಮಾಡಿದ, ಒಬ್ಬರ ಜಾತಿಯೇ ಬದಲಾಯಿತು. ಅಂಕೋಲೆಯಿಂದ ಫೋನು, ಕುಮಟೆಯಿಂದ ಫೋನು. ಕಾರ್ಡನ್ನು ಎರಡನೇ ಸಲ ಅಚ್ಚು ಹಾಕಿಸಿದೆವು. ಅಕಾರಾದಿ ಅಲ್ಲಿಗೆ ಮುಗಿಯಿತು.

ಹಾಗಂತ ನೀನು ಅಂದುಕೊಂಡ ಹಾಗೆ ಇದು ಬರೀ ಪಾಳೇಗಾರಿಕೆ ಅಲ್ಲ. ದಿನಕರ ದೇಸಾಯಿಯವರನ್ನೇ ನೋಡು. ನಿನಗೆ ಗೊತ್ತಿರುವುದು ಚುಟುಕ ಮಾತ್ರ. ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿದ್ದರು. ಕೆಲಸ ಮಾಡಿದ್ದು ಮುಂಬಯಿಯಲ್ಲಿ, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆಗೆದದ್ದು ಇಲ್ಲಿ. ಅದರ ಶಾಲೆಗಳಿಂದಾಗಿ ಅಕ್ಷರ ಕಂಡ ಮನೆಗಳು ಅಂಕೋಲೆಯಲ್ಲಿ ಎಷ್ಟೋ. 1967ರಲ್ಲಿ ಜನ ಅವರನ್ನು ಲೋಕಸಭೆಗೆ ಕಳಿಸಿದರು. ನಮ್ಮವರು "ಹಿರಿಯರು" ಅಂದಾಗ ತಲೆಯಲ್ಲಿ ಇರುವುದು ಆ ಅಳತೆ. ಅದಕ್ಕೆ ಈಗಿನವರು ಯಾರೂ ಸರಿಹೊಂದುವುದಿಲ್ಲ, ಆದರೂ ಕುರ್ಚಿ ಖಾಲಿ ಇಡಲಾಗುವುದಿಲ್ಲವಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಬಡಗೇರಿಯ ಹಾಲಕ್ಕಿ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಆ ಅಜ್ಜಿ ಸಿಕ್ಕ ಸಿಕ್ಕ ದೊಡ್ಡವರ ಹತ್ತಿರ ಕೇಳಿದರು. ದೊಡ್ಡವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. 2025ರ ಫೆಬ್ರುವರಿಯಲ್ಲಿ ಅಜ್ಜಿ ತೀರಿಕೊಂಡಾಗಲೂ ಆ ಬೇಡಿಕೆ ಈಡೇರಿರಲಿಲ್ಲ. ಎಲ್ಲ ಹಿರಿಯರ ಮಾತಿಗೂ ಒಂದೇ ತೂಕ ಇಲ್ಲ ನೋಡು.

ಹಾಗಾದರೆ ಕಾರ್ಡಿನಿಂದ ಈ ಹಿರಿಯರ ಹೆಸರು ಬಿಟ್ಟು ನೋಡಿ ಅಂತೀಯಾ? ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂತು ಅಂತಿಟ್ಟುಕೋ. ದೊಡ್ಡ ಚಿಕಿತ್ಸೆ ಬೇಕೆಂದರೆ ಕಾರವಾರದಿಂದ ಗೋವಾದ ಬಾಂಬೋಳಿಗೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ ಘಟ್ಟ ಹತ್ತಬೇಕು, ಇಲ್ಲವೇ ಸುಮಾರು 200 ಕಿ.ಮೀ. ದೂರದ ಮಣಿಪಾಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ ನಾಲ್ಕು ಜನ ಸತ್ತರು. ಆ ತಿಂಗಳಿಡೀ ಜಿಲ್ಲೆಯ ಹುಡುಗರು ಆಸ್ಪತ್ರೆ ಬೇಕು ಅಂತ ಸಾಮಾಜಿಕ ಜಾಲತಾಣದಲ್ಲಿ ಕೂಗಿದರು. ಭರವಸೆಗೆ ಕಡಿಮೆ ಇರಲಿಲ್ಲ. ಒಬ್ಬ ಮುಖ್ಯಮಂತ್ರಿಯನ್ನೇ ಕೊಟ್ಟ ಜಿಲ್ಲೆ ಇದು, ರಾಮಕೃಷ್ಣ ಹೆಗಡೆಯವರು ಸಿದ್ದಾಪುರದ ದೊಡ್ಮನೆಯವರು. ಅರಬ್ಬೀ ಸಮುದ್ರದ ನೌಕಾನೆಲೆಗೆ ಜಾಗ ಕೊಟ್ಟವರು, ಕೈಗಾ ಅಣುಸ್ಥಾವರಕ್ಕೆ ಜಾಗ ಕೊಟ್ಟವರು, ಕಾಳಿ ನದಿಯನ್ನು ಕರೆಂಟಿಗೆ ಕೊಟ್ಟವರು ನಾವು. ಕೇಳಿದ್ದು ಒಂದು ದೊಡ್ಡಾಸ್ಪತ್ರೆ.

ಅದಕ್ಕೇ ಆ ರಾತ್ರಿ ಮೊದಲು ಫೋನ್ ಹೋಗುವುದು ಡಾಕ್ಟರಿಗಲ್ಲ, ಕಾರ್ಡಿನಲ್ಲಿ ನಾಲ್ಕನೇ ಸಾಲಿನಲ್ಲಿ ಇರುವವರಿಗೆ. ನಿದ್ದೆಗಣ್ಣಿನಲ್ಲೇ ಅವರು, "ನೀ ಹೊರಡು, ನಾನು ಹೇಳ್ತೆ" ಅನ್ನುತ್ತಾರೆ. ಮುಟ್ಟುವಷ್ಟರಲ್ಲಿ ಬೆಡ್ ಸಿಕ್ಕಿರುತ್ತದೆ. ಅವರ ಹೆಸರು ಎರಡು ಪಾಯಿಂಟ್ ದಪ್ಪ ಮಾಡಿ ಅಂದರೆ ಯಾವ ಬಾಯಿಂದ ಆಗುವುದಿಲ್ಲ ಅನ್ನಲಿ? ನೀನಾದರೂ ಅಂತೀಯಾ?

ಅಂದಹಾಗೆ, ಮುಖ್ಯ ಅತಿಥಿಗಳಲ್ಲಿ ಬೆಂಗಳೂರಿನವರೊಬ್ಬರು ಇದ್ದಾರಲ್ಲ, ನಿನ್ನ ಮಾವನವರಿಗೆ ಅವರು ಗೊತ್ತು ಅಂದಿದ್ದೆ. ಅವರ ಪಿಎ ನಮ್ಮ ಫೋನ್ ಎತ್ತುತ್ತಿಲ್ಲ. ಮಾವನವರಿಂದ ಒಂದು ಮಾತು ಹೇಳಿಸು, ಕಾರ್ಡು ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಅವರ ಹೆಸರು ಮೂರನೆಯದು ಅಂತ ಮಾತ್ರ ಈಗಲೇ ಹೇಳಬೇಡ.