ಬೋರಿಂಗ್ ಪಂಪಿಗೆ ಪೇಟೆಂಟ್ ಇರಲಿಲ್ಲ

ಪತ್ರ: "ಸುಸ್ಥಿರ ಅಭಿವೃದ್ಧಿ ಅಂತ ಹೇಳಿಕೊಂಡು ಹೊರದೇಶದವರು ತಂತ್ರಜ್ಞಾನ ಕೊಡಲು ಬರುತ್ತಾರೆ. ಯಂತ್ರ ಅವರದು, ಸಾಲ ನಮ್ಮದು. ನಮ್ಮ ಕೆರೆಗಳ ಹೂಳು ನಾವೇ ತೆಗೆದರೆ ಸಾಲದೇ? ಈ ಸಹಕಾರವೇ ಬೇಡ."
– ನಿವೃತ್ತ ಶಿಕ್ಷಕರು, ಹಿರಿಯೂರು

ಉತ್ತರ: ಮೇಷ್ಟ್ರೇ, ಹೂಳಿನ ಮಾತು ನಿಜ. ಸಾಲದ ಮಾತೂ ಎಷ್ಟೋ ಕಡೆ ನಿಜವೇ. ಆದರೆ ಬೇಡವೇ ಬೇಡ ಅಂತ ಬಾಗಿಲು ಹಾಕುವುದನ್ನು ನಾನು ಒಪ್ಪಲಾರೆ.

ಶಾಲೆಯ ಪಕ್ಕವೋ ಗುಡಿಯ ಮುಂದೋ ಇರುವ ಬೋರಿಂಗ್, ಅಂದರೆ ಕೈಪಂಪು, ನೀವು ನೋಡಿಯೇ ಇರುತ್ತೀರಿ. ಅದರ ಹೆಸರು ಇಂಡಿಯಾ ಮಾರ್ಕ್ 2. 1967ರ ಬರಗಾಲದಲ್ಲಿ ಬಂಡೆ ಕೊರೆಯುವ ರಿಗ್ಗುಗಳನ್ನು ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ ತರಿಸಿಕೊಟ್ಟಿತು. ನೀರೇನೋ ಸಿಕ್ಕಿತು. ಆದರೆ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಪಶ್ಚಿಮ ದೇಶಗಳಲ್ಲಿ ಒಂದು ತೋಟದ ಮನೆಗೆಂದು ಮಾಡಿದ ಮಾದರಿ ಅದು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ತಡೆದೀತೇ? ಎಪ್ಪತ್ತರ ದಶಕದ ಮಧ್ಯದ ಹೊತ್ತಿಗೆ ಕೆಲವು ಕಡೆ ಮುಕ್ಕಾಲು ಪಾಲು ಪಂಪುಗಳು ಕೆಟ್ಟು ನಿಂತಿದ್ದವು.

ಆಗ ಸೊಲ್ಲಾಪುರದ ಕಡೆ ಉಕ್ಕಿನ ಗಟ್ಟಿ ಪಂಪೊಂದು ಚೆನ್ನಾಗಿ ಬಾಳಿಕೆ ಬರುತ್ತಿತ್ತು. ಅದನ್ನೇ ಇಟ್ಟುಕೊಂಡು ಯುನಿಸೆಫ್, ಭಾರತ ಸರ್ಕಾರ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ ತಿದ್ದಿದವು. ಈ ಪಂಪಿನ ಹಿಡಿಗೆ ಬಾಲ್ ಬೇರಿಂಗ್ ಇರುತ್ತದೆ. ರಾಡು ನೆಟ್ಟಗೆ ಮೇಲೇಳಲಿ ಅಂತ ಚೈನು ಇರುತ್ತದೆ. ಕೊಯಮತ್ತೂರು ಕಡೆಯ ಆಳದ ಬೋರುಗಳಲ್ಲಿ ಪರೀಕ್ಷೆ ಮಾಡಿದರು. ಎಲ್ಲಕ್ಕಿಂತ ದೊಡ್ಡ ಮಾತು, ಪೇಟೆಂಟ್ ಇಟ್ಟುಕೊಳ್ಳಲಿಲ್ಲ. ನಕ್ಷೆ ಎಲ್ಲರಿಗೂ ಸಿಕ್ಕಿತು, ಎಷ್ಟೋ ಕಾರ್ಖಾನೆಗಳು ಪಂಪು ಮಾಡಿದವು. ಅದೇ ಪಂಪು ಆಫ್ರಿಕಾಕ್ಕೂ ಹೋಯಿತು. ಉಗಾಂಡದಲ್ಲಿ ಅದನ್ನು ಯು2 ಅನ್ನುತ್ತಾರೆ.

ಕೊರತೆಯೂ ಇತ್ತು. ಒಳಗಿನ ವಾಷರ್ ಹೋದರೆ ಪೈಪನ್ನೆಲ್ಲ ಮೇಲೆತ್ತಬೇಕಿತ್ತು. ಮಾರ್ಕ್ 3ರಲ್ಲಿ ಪೈಪು ಅಗಲ ಮಾಡಿ, ಪಿಸ್ಟನ್ ಒಂದನ್ನೇ ಎಳೆದು ತೆಗೆಯುವ ಹಾಗೆ ಮಾಡಿದರು. ಆಳದ ನೀರಿನ ಜೊತೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬಂತು, ನಿಮ್ಮ ಜಿಲ್ಲೆಗೆ ಅದು ಚೆನ್ನಾಗಿ ಗೊತ್ತು. ಆದರೆ ಅದು ಪಂಪಿನ ತಪ್ಪಲ್ಲ, ನೀರು ಪರೀಕ್ಷಿಸದೆ ಬಿಟ್ಟವರ ತಪ್ಪು.

ನನ್ನ ಸಿಟ್ಟು ಇರುವುದು ಈಗಿನ ರೀತಿಯ ಮೇಲೆ. ಬ್ರೆಜಿಲ್ಲಿನ ರಿಯೋದಲ್ಲಿ 1992ರಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮಾವೇಶದಿಂದಲೂ ತಂತ್ರಜ್ಞಾನ ಹಂಚಿಕೊಳ್ಳುವ ಮಾತು ನಡೆದೇ ಇದೆ. 2010ರ ಹವಾಮಾನ ಸಮ್ಮೇಳನದಲ್ಲಿ, ಮೆಕ್ಸಿಕೋದ ಕಾನ್‌ಕುನ್‌ನಲ್ಲಿ ಅದಕ್ಕೊಂದು ವ್ಯವಸ್ಥೆಯನ್ನೂ ಮಾಡಿದರು. ಪೇಟೆಂಟ್ ಸಡಿಲಿಸಿ ಅಂದರೆ ಮಾತ್ರ ಶ್ರೀಮಂತ ದೇಶಗಳು ಒಪ್ಪುವುದಿಲ್ಲ. ನಮ್ಮವರೂ ಕಡಿಮೆಯಿಲ್ಲ. ಟೆಂಡರಿನಲ್ಲಿ ರೇಟು ಕೇಳುತ್ತಾರೆ, ನಕ್ಷೆ ಕೇಳುವವರು ಎಷ್ಟು ಜನ? ಸೋಲಾರ್ ಪಂಪಿನ ಕಂಟ್ರೋಲರ್ ಕೆಟ್ಟಿತು ಅಂತ ಊರಿನ ಮೆಕ್ಯಾನಿಕ್ ಡಬ್ಬಿ ಬಿಚ್ಚಿದರೆ ವಾರಂಟಿ ಹೋಯಿತು. ಬಿಚ್ಚದಿದ್ದರೆ ಕಂಪನಿಯವರು ಬರುವವರೆಗೆ ಬೆಳೆ ಒಣಗಬೇಕು. ಇದಕ್ಕೆ ಸಹಕಾರ ಅನ್ನುವುದು ಹೇಗೆ?

ಮೇಷ್ಟ್ರೇ, ಇಷ್ಟು ಗಟ್ಟಿಯಾಗಿ ಬರೆಯುವವರು ನೀವು. ಸುಮ್ನೆ ಬೇಡ ಅಂದು ಕೂತರೆ ಹೇಗೆ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಬಿಡಿಭಾಗ ಹಿರಿಯೂರಿನಲ್ಲೇ ಸಿಗುತ್ತಾ? ಐಟಿಐ ಹುಡುಗರಿಗೆ ರಿಪೇರಿ ಕಲಿಸ್ತೀರಾ? ನಕ್ಷೆ ಕೊಡ್ತೀರಾ? ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇವೆ.

– ಸಂಪಾದಕ