ಎಲೆ ನೋಡಿ ಬೇರು ಹೇಳಬಹುದೇ?

ಓದುಗರ ಪ್ರಶ್ನೆಗಳಿಗೆ ಸಸ್ಯಶಾಸ್ತ್ರ ತಜ್ಞರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಡೊಂಬಿವಲಿಯವಳು, ಎಂ.ಎಸ್ಸಿ. ಸಸ್ಯಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಗೋವಾದ ಸತ್ತರಿ ತಾಲ್ಲೂಕಿನ ರಾಮಪತ್ರೆ ಜಡ್ಡಿಯ (ಜಾಯಿಕಾಯಿ ಬಳಗದ ಮರಗಳು ಬೆಳೆಯುವ, ನೀರು ನಿಲ್ಲುವ ಕಾಡು) ಮರಗಳನ್ನು ಆರಿಸಿಕೊಳ್ಳಬೇಕು ಅಂತಿದೆ. ಬೇರು ಅಗೆಯುವುದು ಕಷ್ಟ, ಅನುಮತಿಯೂ ಸುಲಭಕ್ಕೆ ಸಿಗಲ್ಲ. ಎಲೆಯ ಗುಣ ಗೊತ್ತಾದರೆ ಬೇರಿನ ಗುಣ ಊಹಿಸಬಹುದು ಅಂತ ಓದಿದೆ. ಎಲೆ ಮಾತ್ರ ಅಳೆದರೆ ಸಾಲದೇ?

ಉತ್ತರ: ಸಾಲದು. ನೀರು ನಿಲ್ಲುವ ಕಾಡಿನಲ್ಲಂತೂ ಖಂಡಿತ ಸಾಲದು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಿಮ್ಮ ಇಡೀ ಪ್ರಾಜೆಕ್ಟ್ ನಿಂತಿರುವುದು ಇದರ ಮೇಲೆಯೇ.

ನೀವು ಓದಿದ ಮಾತು ಬುಡವಿಲ್ಲದ್ದೇನಲ್ಲ. 2004ರಲ್ಲಿ ಇಯಾನ್ ರೈಟ್ ಮತ್ತು ಜೊತೆಗಾರರು ಜಗತ್ತಿನ 175 ಜಾಗಗಳ 2,548 ಜಾತಿಯ ಸಸ್ಯಗಳ ಎಲೆಗಳ ಅಳತೆಗಳನ್ನು ಒಟ್ಟುಹಾಕಿದರು. ಅದರಲ್ಲಿ ಒಂದು ದೊಡ್ಡ ಕ್ರಮ ಕಂಡಿತು. ಒಂದು ತುದಿಯಲ್ಲಿ ತೆಳು ಎಲೆಗಳು. ಅವುಗಳಲ್ಲಿ ಸಾರಜನಕ ಜಾಸ್ತಿ, ಆಹಾರ ತಯಾರಿ ಜೋರು, ಆಯುಸ್ಸು ಕಡಿಮೆ. ಇನ್ನೊಂದು ತುದಿಯಲ್ಲಿ ದಪ್ಪ, ಗಟ್ಟಿ ಎಲೆಗಳು. ಅವುಗಳ ಕೆಲಸ ನಿಧಾನ, ಬಾಳಿಕೆ ಜಾಸ್ತಿ. ಉಳಿದ ಎಲೆಗಳೆಲ್ಲ ಇವೆರಡರ ನಡುವೆ ಎಲ್ಲೋ ಬರುತ್ತವೆ. ಹಾಗಾದರೆ ಬೇರೂ ಹೀಗೇ ಇರಬೇಕಲ್ವಾ? ಬೇಗ ಬೆಳೆಯುವ ಎಲೆಗೆ ನೀರು, ಗೊಬ್ಬರ ಬೇಗ ಎಳೆದುಕೊಡುವ ಬೇರು ಬೇಕು ತಾನೆ?

ಬೇರಿನ ವಿಷಯ ಇಷ್ಟು ನೇರ ಅಲ್ಲ ಅನ್ನುವುದು 2020ರಲ್ಲಿ ಸ್ಪಷ್ಟವಾಯಿತು. ಯೋಆನಾ ಬೆರ್ಗ್‌ಮನ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಜಾತಿಗಳ ಸಣ್ಣ ಬೇರುಗಳ ಅಳತೆ ಸೇರಿಸಿ ನೋಡಿದಾಗ, ಬೇರಿಗೆ ಒಂದಲ್ಲ, ಎರಡು ದಾರಿಗಳಿರುವುದು ಕಂಡಿತು. ಒಂದು ಎಲೆಯ ಹಾಗೆಯೇ: ಸಾರಜನಕ ಜಾಸ್ತಿ ಇರುವ ಚುರುಕು ಬೇರು ಒಂದು ಕಡೆ, ಸಾಂದ್ರತೆ ಜಾಸ್ತಿ ಇರುವ ಗಟ್ಟಿ ಬೇರು ಇನ್ನೊಂದು ಕಡೆ. ಎರಡನೆಯದಕ್ಕೆ ಎಲೆಯಲ್ಲಿ ಜೋಡಿಯೇ ಇಲ್ಲ. ಕೆಲವು ಸಸ್ಯಗಳು ನೂಲಿನಂಥ ಬೇರು ಬಿಟ್ಟು ತಾವೇ ಮಣ್ಣೆಲ್ಲ ಹುಡುಕುತ್ತವೆ. ಇನ್ನು ಕೆಲವು ದಪ್ಪ ಬೇರು ಇಟ್ಟುಕೊಂಡು ಅದರೊಳಗೆ ಶಿಲೀಂಧ್ರಕ್ಕೆ ಜಾಗ ಕೊಟ್ಟು, ಹುಡುಕುವ ಕೆಲಸ ಅದಕ್ಕೆ ಬಿಡುತ್ತವೆ. ಮರುವರ್ಷ ಬಂದ ಎರಡು ದೊಡ್ಡ ಅಧ್ಯಯನಗಳ ಮಾತು ಒಂದೇ ಆಗಿರಲಿಲ್ಲ. ಬೇರಿನ ಸಾರಜನಕದ ದಾರಿ ಎಲೆಯ ಜೊತೆ ಸಾಗುತ್ತದೆ ಅಂತ ಒಂದು ಹೇಳಿತು. ನೆಲದ ಮೇಲಿನ ಗುಣ, ಕೆಳಗಿನ ಗುಣ ಬಹುಮಟ್ಟಿಗೆ ಬೇರೆ ಬೇರೆ ಅಂತ ಇನ್ನೊಂದು. ನನಗೆ ಎರಡನೆಯದರ ಕಡೆ ಒಲವು. ಕಾರಣ ಕೆಸರು.

ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿತು ಅಂದರೆ ಅಲ್ಲಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಖಾಲಿ ಮಾಡುತ್ತವೆ. ಆಮೇಲೆ ನೈಟ್ರೇಟ್ ಹೋಗುತ್ತದೆ, ಕಬ್ಬಿಣ ಕರಗಿ ಬರುತ್ತದೆ, ಉಪ್ಪುನೀರಿನ ಕೆಸರಾದರೆ ಕೊಳೆತ ಮೊಟ್ಟೆಯ ವಾಸನೆಯ ಸಲ್ಫೈಡ್ ಹುಟ್ಟುತ್ತದೆ. ಗುಡ್ಡದ ಮರದ ಬೇರಿಗೆ ನೀರು, ಗೊಬ್ಬರ ಹುಡುಕುವುದೇ ದೊಡ್ಡ ಕೆಲಸ. ಜಡ್ಡಿಯ ಮರದ ಬೇರಿಗೆ ಅದಕ್ಕೂ ಮೊದಲಿನ ಕೆಲಸ ಒಂದಿದೆ: ಉಸಿರಾಡುವುದು. ಎಲೆಗೆ ಈ ಕಷ್ಟವೇ ಗೊತ್ತಿಲ್ಲ. ಅದು ಗಾಳಿಯಲ್ಲೇ ಇದೆ.

ಉಸಿರಿಗಾಗಿ ಬೇರು ತನ್ನೊಳಗೇ ಗಾಳಿಯ ದಾರಿ ಮಾಡಿಕೊಳ್ಳುತ್ತದೆ. ಇದಕ್ಕೆ ಏರೆಂಕೈಮಾ ಅನ್ನುತ್ತಾರೆ. ಮುಂಬೈ ಮಾರ್ಕೆಟ್‌ನಲ್ಲಿ ಕಮಲ್ ಕಕಡಿ ಅಂತ ಮಾರುವ ತಾವರೆ ಗಡ್ಡೆಯನ್ನು ಅಡ್ಡ ಕತ್ತರಿಸಿದಾಗ ಕಾಣುವ ತೂತುಗಳಿವೆಯಲ್ಲ, ಅವು ಇಂಥ ಗಾಳಿಯ ಕೊಳವೆಗಳೇ. ಭತ್ತದಂಥ ನೀರು ನಿಲ್ಲುವ ಜಾಗದ ಹಲವು ಸಸ್ಯಗಳಲ್ಲಿ ಬೇರಿನ ಗಾತ್ರದ 30%ಗಿಂತ ಹೆಚ್ಚು ಬರೀ ಗಾಳಿ ಇರಬಹುದು. ಒಣನೆಲದ ಸಸ್ಯಗಳಲ್ಲಿ ಇದು ಸಾಮಾನ್ಯವಾಗಿ 10% ಕೂಡ ಮುಟ್ಟುವುದಿಲ್ಲ. ಕೆಳಗಿಳಿದ ಗಾಳಿ ದಾರಿಯಲ್ಲೇ ಸೋರಿಹೋಗಬಾರದು ಅಂತ ಕೆಲವು ಬೇರುಗಳು ಹೊರಪದರವನ್ನೂ ಬಿಗಿ ಮಾಡಿಕೊಳ್ಳುತ್ತವೆ. ಸೋರಿದ ಕಡೆ ಕಬ್ಬಿಣ ಕಿತ್ತಳೆ ಬಣ್ಣದ ಲೇಪವಾಗಿ ಬೇರಿಗೆ ಅಂಟಿಕೊಳ್ಳುತ್ತದೆ. ಆ ಲೇಪ ಕಂಡರೆ ತೊಳೆಯುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನಿಮ್ಮ ಲೆಕ್ಕ ತಪ್ಪುವುದು ಇಲ್ಲೇ. ಸಾಂದ್ರತೆ ಕಡಿಮೆ ಇರುವ ಬೇರು ಅಂದರೆ ಕಡಿಮೆ ಖರ್ಚಿನ, ಚುರುಕಿನ, ಬೇಗ ಸಾಯುವ ಬೇರು ಅಂತ ಒಣನೆಲದಲ್ಲಿ ಓದಿಕೊಳ್ಳುತ್ತೇವೆ. ಜಡ್ಡಿಯಲ್ಲಿ ಅದೇ ಸಂಖ್ಯೆಯ ಅರ್ಥ ಬೇರೆ. ಸಾಂದ್ರತೆ ಕಡಿಮೆ ಬಂದಿರುವುದು ಒಳಗೆ ಗಾಳಿ ಇರುವುದರಿಂದ. ಆ ಬೇರು ವರ್ಷಗಟ್ಟಲೆ ಬಾಳಬಹುದು. ದಪ್ಪದ ಕಥೆಯೂ ಹೀಗೇ. ಒಣನೆಲದಲ್ಲಿ ದಪ್ಪ ಬೇರು ಕಂಡರೆ ಶಿಲೀಂಧ್ರದ ಜೊತೆಗಾರಿಕೆ ನೆನಪಾಗುತ್ತದೆ. ಕೆಸರಿನಲ್ಲಿ ಬೇರು ದಪ್ಪ ಆಗುವುದಕ್ಕೆ ಗಾಳಿ ಸಾಗಿಸುವುದೂ ಒಂದು ಕಾರಣ, ಏಕೆಂದರೆ ನೂಲಿನಂಥ ಬೇರಿನಲ್ಲಿ ಗಾಳಿ ದೂರ ಹೋಗುವುದಿಲ್ಲ. ಹಾಗಂತ ಶಿಲೀಂಧ್ರ ಪೂರ್ತಿ ಇಲ್ಲ ಅಂತಲೂ ಅಲ್ಲ. ಗೋವಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳಲ್ಲೂ ಅದನ್ನು ಕಂಡವರಿದ್ದಾರೆ. ಎಲೆ ದಪ್ಪ, ಬೇರು ಹಗುರ. ಈ ಜೋಡಿ ನಿಮಗೆ ಜಡ್ಡಿಯಲ್ಲಿ ಸಿಕ್ಕರೆ ಅಳತೆ ತಪ್ಪಾಯಿತು ಅಂತ ಅದನ್ನು ಎಸೆಯಬೇಡಿ. ನೀವು ಹುಡುಕಬೇಕಾದದ್ದೇ ಅದು.

ಈಗ ಮಾಡುವ ದಾರಿ. ಎಲೆಗೆ, ಒಂದು ಗ್ರಾಂ ಒಣ ಎಲೆ ಎಷ್ಟು ಚದರ ಸೆಂಟಿಮೀಟರ್ ಅನ್ನುವ ಅಳತೆ ಸಾಕು, ಜೊತೆಗೆ ಸಾರಜನಕ. ಹಸಿ ಎಲೆಯ ವಿಸ್ತೀರ್ಣ ಅಳೆದು, 70 ಡಿಗ್ರಿಯಲ್ಲಿ ಮೂರು ದಿನ ಒಣಗಿಸಿ ತೂಗಿ. ನೆರಳಿನ ಎಲೆ ಬಿಸಿಲಿನ ಎಲೆಗಿಂತ ತೆಳ್ಳಗೆ ಇರುತ್ತದೆ, ಎರಡನ್ನೂ ಬೆರೆಸಬೇಡಿ. ಬೇರಿಗೆ ಉದ್ದ, ದಪ್ಪ, ಸಾಂದ್ರತೆ ಮೂರೂ ಬೇಕು. ಇವುಗಳ ಜೊತೆ ಗಾಳಿಯ ಪ್ರಮಾಣವನ್ನು ಅಳೆಯಲೇಬೇಕು. ವಿಧಾನ ದುಬಾರಿ ಅಲ್ಲ. ಗೊತ್ತಿರುವ ಅಳತೆಯ ಪುಟ್ಟ ಬಾಟಲಿಯಲ್ಲಿ ನೀರಿನ ಜೊತೆ ಬೇರನ್ನು ತೂಗಿ. ವ್ಯಾಕ್ಯೂಮ್ ಪಂಪ್‌ನಿಂದ ಬೇರಿನೊಳಗಿನ ಗಾಳಿ ತೆಗೆದು, ಆ ಜಾಗಕ್ಕೆ ನೀರು ಹೋಗುವ ಹಾಗೆ ಮಾಡಿ ಮತ್ತೆ ತೂಗಿ. ಹೆಚ್ಚಾದ ತೂಕ ಮೊದಲು ಎಷ್ಟು ಗಾಳಿ ಇತ್ತು ಅಂತ ಹೇಳುತ್ತದೆ. ಆಗ ಗಾಳಿ ಬಿಟ್ಟು ಬರೀ ಅಂಗಾಂಶದ ಸಾಂದ್ರತೆ ಎಷ್ಟು ಅಂತ ಲೆಕ್ಕ ಹಾಕಬಹುದು. ಅದನ್ನು ಎಲೆಯ ಜೊತೆ ಇಟ್ಟು ನೋಡಿ. ಹೋಲಿಕೆ ಇದ್ದರೆ ಅಲ್ಲಿ ಕಾಣುತ್ತದೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಜಡ್ಡಿಯ ಮುಖ್ಯ ಮರಗಳೆಲ್ಲ ಒಂದೇ ಕುಟುಂಬದವು, ಜಾಯಿಕಾಯಿಯ ಬಳಗ. ಎಲೆಗಳು ಒಂದೇ ತರ ಇರುವುದು ರಕ್ತಸಂಬಂಧದಿಂದ, ಜಾಗದಿಂದ ಅಲ್ಲ. ಅದಕ್ಕೇ ಒಂದೇ ಜಾತಿ ನೀರಿನಲ್ಲೂ, ಪಕ್ಕದ ಇಳಿಜಾರಿನಲ್ಲೂ ಇರುವ ಕಡೆ ಹೋಲಿಸಿ ನೋಡಿ. ಹತ್ತು ಜಾತಿ ಅಳೆದು ಗೊಂದಲ ಮಾಡಿಕೊಳ್ಳುವುದಕ್ಕಿಂತ ಇದು ಮೇಲು. ಜಾಗದ ಬಗ್ಗೆಯೂ ಒಂದು ಮಾತು. ಸತ್ತರಿಯ ನಿರಂಕಾರಾಚಿ ರಾಯ್ ದೇವರ ಕಾಡು, ತುಂಬಾ ಚಿಕ್ಕದು. ಅಲ್ಲಿ ಗುದ್ದಲಿ ಇಳಿಸಬೇಡಿ. ಊರಿನವರನ್ನು ಕೇಳಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಎಲೆ ಮಾತ್ರ ತನ್ನಿ. ಬೇರಿಗೆ ಇಲಾಖೆ ತೋರಿಸುವ ಬೇರೆ ಜಾಗ ಆರಿಸಿ. ಅಲ್ಲೂ ಬುಡದಿಂದ ಬೇರಿನ ಜಾಡು ಹಿಡಿದು ಹೋಗಿ ತುದಿಯ ಸ್ವಲ್ಪ ಭಾಗ ಮಾತ್ರ ತೆಗೆದು, ಮಣ್ಣು ಮುಚ್ಚಿ. ಜಾಡು ಹಿಡಿಯದೆ ಸುಮ್ನೆ ಅಗೆದರೆ ಅದು ಯಾವ ಮರದ ಬೇರು ಅನ್ನುವುದೇ ಗೊತ್ತಾಗಲ್ಲ.

ಪ್ರಶ್ನೆ: ಮುಂಬೈ ಹತ್ತಿರದ ಐರೋಲಿಯಲ್ಲಿ ಖಾಡಿಯ (ಸಮುದ್ರದ ನೀರು ಒಳನುಗ್ಗುವ ಕಾಲುವೆ) ಪಕ್ಕ ವಾಕಿಂಗ್ ಹೋಗುತ್ತೇನೆ. ಅಲ್ಲಿನ ತಿವರ (ಒಂದು ಬಗೆಯ ಕಾಂಡ್ಲಾ) ಗಿಡದ ಎಲೆ ಮೇಲೆ ಬೇಸಿಗೆಯಲ್ಲಿ ಬಿಳಿ ಪುಡಿ ಕಾಣುತ್ತದೆ, ನಾಲಿಗೆಗೆ ಉಪ್ಪು. ಬೇರಿಗೂ ಇದಕ್ಕೂ ಸಂಬಂಧ ಇದೆಯಾ? ಕೆಸರಿಂದ ಮೇಲೆದ್ದ ಕಡ್ಡಿಗಳ ಮೇಲೆ ಜನ ಕಟ್ಟಡದ ಕಸ ಸುರಿಯುತ್ತಾರೆ, ಅದರಿಂದ ಮರಕ್ಕೆ ಏನಾಗುತ್ತದೆ?

ಉತ್ತರ: ಸಂಬಂಧ ಇದೆ. ಇಲ್ಲಿ ಮಾತ್ರ ಎಲೆ ಬೇರಿನ ಗುಟ್ಟು ಬಿಟ್ಟುಕೊಡುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ತಿವರದ ಬೇರು ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಇನ್ನೂ ಹೆಚ್ಚೇ ಅನ್ನಿ, ಹೊರಗೇ ತಡೆಯುತ್ತದೆ. ಒಳಗೆ ಬಂದದ್ದನ್ನು ಎಲೆಯ ಉಪ್ಪುಗ್ರಂಥಿಗಳು ಹೊರಹಾಕುತ್ತವೆ. ನೀವು ಕಂಡ ಪುಡಿ ಅದು. ಮಳೆಗಾಲದಲ್ಲಿ ತೊಳೆದು ಹೋಗುವುದರಿಂದ ಕಾಣುವುದಿಲ್ಲ. ಇನ್ನೊಂದು ಬಗೆಯ ಕಾಂಡ್ಲಾ ಆದ ರೈಜೋಫೋರಾ ಮರಕ್ಕೆ ಇಂಥ ಗ್ರಂಥಿ ಇಲ್ಲ. ಅದರ ಬೇರಿನ ಜರಡಿ ಇನ್ನೂ ಬಿಗಿ. ಎಲೆಯಲ್ಲಿ ಗ್ರಂಥಿ ಇದೆ ಅಂದರೆ ಬೇರು ಸ್ವಲ್ಪ ಉಪ್ಪನ್ನು ಒಳಗೆ ಬಿಡುತ್ತಿದೆ ಅಂತಲೇ ಅರ್ಥ.

ಆ ಕಡ್ಡಿಗಳು ಕಡ್ಡಿಗಳಲ್ಲ, ಉಸಿರಾಡುವ ಬೇರುಗಳು. ಅವುಗಳ ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಭರತದಲ್ಲಿ ಮುಳುಗಿದಾಗ ಒಳಗಿನ ಆಮ್ಲಜನಕ ಖರ್ಚಾಗಿ ಒತ್ತಡ ಇಳಿಯುತ್ತದೆ. ಇಳಿತದಲ್ಲಿ ಬೇರು ಮೇಲೆ ಬಂದ ಕೂಡಲೇ ಹೊಸ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. 1955ರಲ್ಲಿ ಶೊಲಾಂಡರ್ ಮತ್ತು ಜೊತೆಗಾರರು ಕಾಂಡ್ಲಾ ಮರದ ಬೇರಿನ ರಂಧ್ರಗಳಿಗೆ ಗ್ರೀಸ್ ಹಚ್ಚಿ ಮುಚ್ಚಿ ನೋಡಿದರು. ಕೆಸರಿನೊಳಗಿನ ಬೇರಿನಲ್ಲಿ ಆಮ್ಲಜನಕ ಕುಸಿಯಿತು. ಕಟ್ಟಡದ ಕಸ, ಪ್ಲಾಸ್ಟಿಕ್ ಮಾಡುವುದೂ ಇದನ್ನೇ. ಇಂಡೋನೇಷ್ಯಾದ ಜಾವಾ ತೀರದಲ್ಲಿ ಪ್ಲಾಸ್ಟಿಕ್‌ನಿಂದ ಪೂರ್ತಿ ಮುಚ್ಚಿಹೋದ ಬೇರುಗಳ ಮರಗಳು ಎಲೆ ಕಳೆದುಕೊಂಡದ್ದು ದಾಖಲಾಗಿದೆ. ಕಸ ಸುರಿದ ಮರುದಿನವೂ ಎಲೆ ಹಸಿರಾಗೇ ಇರುತ್ತದೆ, ಹಾಗಾಗಿ ಏನೂ ಆಗಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಇದು ನನಗೆ ತುಂಬಾ ನೋವಿನ ವಿಷಯ. ಎಲೆ ಹಳದಿಯಾಗುವ ಹೊತ್ತಿಗೆ ಬೇರಿನ ಕಥೆ ಮುಗಿದಿರುತ್ತದೆ. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2022ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಯಲ್ಲಿದೆ. ಕಸದ ಲಾರಿ ಕಂಡರೆ ದಿನಾಂಕ, ಜಾಗದ ಸಮೇತ ಫೋಟೋ ತೆಗೆದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ಗೆ ದೂರು ಕೊಡಿ. ಎಲೆ ಬಾಡುವ ತನಕ ಕಾಯಬೇಡಿ.

ಪ್ರಶ್ನೆ: ಪೊಂಡಾ ಬಳಿ ನಮ್ಮ ಕುಳಾಗರ ಇದೆ, ಅಡಿಕೆ, ಮೆಣಸು, ಜಾಯಿಕಾಯಿ. ಒಂದು ಮೂಲೆಯಲ್ಲಿ ಜೂನ್‌ನಿಂದ ನೀರು ನಿಲ್ಲುತ್ತದೆ. ಜಾಯಿಕಾಯಿಯ ಕಾಡು ಬಳಗ ಕೆಸರಲ್ಲೇ ಬೆಳೆಯುತ್ತಲ್ವಾ, ಅಲ್ಲಿ ಜಾಯಿಕಾಯಿ ಗಿಡ ನೆಡಬಹುದಾ? ಎಲೆ ಎರಡಕ್ಕೂ ಒಂದೇ ತರ ಇದೆ.

ಉತ್ತರ: ನೆಡಬೇಡಿ. ಎಲೆ ಒಂದೇ ತರ ಇರುವುದು ನಿಜ, ಬೇರು ಒಂದೇ ತರ ಇಲ್ಲ. ಜಡ್ಡಿಯ ಮರಗಳಲ್ಲಿ ಕೆಲವು ಕಾಂಡದಿಂದ ಇಳಿದ ಬೇರುಗಳ ಮೇಲೆ ನಿಲ್ಲುತ್ತವೆ. ಕೆಲವು ಮಂಡಿ ಮಡಚಿದ ಹಾಗೆ ಬೇರನ್ನು ಕೆಸರಿಂದ ಮೇಲೆತ್ತಿ ಮತ್ತೆ ಒಳಗಿಳಿಸುತ್ತವೆ. ತೋಟದ ಜಾಯಿಕಾಯಿಗೆ ಇವೆರಡೂ ಇಲ್ಲ. ಅದಕ್ಕೆ ತೇವ ಬೇಕು, ನಿಂತ ನೀರು ಆಗದು. ಆ ಮೂಲೆಯ ನೀರು ಹೊರಹೋಗುವ ಹಾಗೆ ಮಳೆಗೆ ಮುಂಚೆ ಕಾಲುವೆ ಬಿಡಿಸಿ. ಜುಲೈನಲ್ಲಿ ಒಂದು ಸಲ ಅಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ನೋಡಿ. ಮಳೆ ನಿಂತ ಮರುದಿನವೂ ಗುಂಡಿಯಲ್ಲಿ ನೀರು ಹಾಗೇ ಇದ್ದರೆ ಜಾಯಿಕಾಯಿ ಗಿಡಕ್ಕೆ ಬೇರೆ ಜಾಗ ನೋಡಿ.